ವಾರ್ಡಲ್ಲಿ ಒಬ್ಬರು, ರಿಜಿಸ್ಟರಲ್ಲಿ ಹತ್ತು ಜನ

ಓದುಗರ ಪ್ರಶ್ನೆ, ನಮ್ಮ ಉತ್ತರ

ನರ್ಸಿಂಗ್ ಕಾಲೇಜಲ್ಲಿ ಪಾಠ ಮಾಡೋರು ನಿಮ್ಮ ಕಷ್ಟ ಏನಿದೆ ಬರೀರಿ ಅಂತ ಹೋದ ಸಂಚಿಕೇಲಿ ಒಂದು ಸಾಲು ಹಾಕಿದ್ದೆ ಅಷ್ಟೇ, ಈ ಪಾಟಿ ಪತ್ರ ಬರುತ್ತೆ ಅನ್ಕೊಂಡಿರ್ಲಿಲ್ಲ. ಅರ್ಧಕ್ಕರ್ಧ ಜನ "ಮೇಡಂ ಹೆಸರು ಹಾಕ್ಬೇಡಿ, ಕಾಲೇಜ್ ಹೆಸರಂತೂ ಬೇಡವೇ ಬೇಡ" ಅಂತಾನೇ ಶುರು ಮಾಡಿದಾರೆ. ಯಾರ ಹೆಸರನ್ನೂ ಹಾಕಿಲ್ಲ, ಊರನ್ನೂ ಸ್ವಲ್ಪ ಮಸುಕು ಮಾಡಿದೀನಿ. ಉದ್ದುದ್ದ ಪತ್ರಗಳನ್ನ ಕತ್ತರಿಸಿದ್ದಕ್ಕೆ ಬೇಜಾರಾಗ್ಬೇಡಿ.

ಪ್ರಶ್ನೆ: ಮೇಡಂ ನಮಸ್ತೆ. ನಾನು ಬಿಎಸ್ಸಿ ನರ್ಸಿಂಗ್ ಮುಗಿಸಿ ಟ್ಯೂಟರ್ ಆಗಿ ಸೇರಿ ಎರಡನೇ ವರ್ಷ. ಕ್ಲಿನಿಕಲ್ ಪೋಸ್ಟಿಂಗ್‌ಗೆ ನನ್ನ ಜೊತೆ ಮೂವತ್ತೈದು ಮಕ್ಕಳನ್ನ ಸರ್ಕಾರಿ ಆಸ್ಪತ್ರೆಗೆ ಕಳಿಸ್ತಾರೆ, ಅಲ್ಲಿ ನೋಡಿದ್ರೆ ಇನ್ನೂ ಮೂರು ಕಾಲೇಜಿನ ಮಕ್ಕಳು ಬಂದಿರ್ತಾರೆ, ಒಂದೊಂದು ಬೆಡ್ ಸುತ್ತ ಐದಾರು ಜನ ಯೂನಿಫಾರ್ಮ್. ಬಿಪಿ ನೋಡೋದು, ಬೆಡ್ ಮಾಡೋದು ಬಿಟ್ರೆ ಏನೂ ಕಲಿಸಕ್ಕಾಗ್ತಿಲ್ಲ. ವಾರ್ಡ್ ಸಿಸ್ಟರ್‌ಗಳು ನಮ್ಮನ್ನ ಕಂಡ್ರೆ ಮುಖ ಗಂಟು ಹಾಕ್ಕೋತಾರೆ. ಹೇಗೆ ಪಾಠ ಮಾಡ್ಲಿ? - ಟ್ಯೂಟರ್, ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರ

ಉತ್ತರ: ಮೊದಲು ಒಂದು ಮಾತು, ಇದು ನಿಮ್ಮ ಕೈಲಾಗದಿರೋದಲ್ಲ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ನಿಯಮದ ಪ್ರಕಾರ ಹತ್ತು ವಿದ್ಯಾರ್ಥಿಗೆ ಒಬ್ಬರು ಟೀಚರ್ ಇರ್ಬೇಕು. ನಿಮ್ಮ ಕಾಲೇಜಿನ ರಿಜಿಸ್ಟರ್ ತೆಗೆದು ನೋಡಿದ್ರೆ ಅಷ್ಟು ಜನ ಇದ್ದೇ ಇರ್ತಾರೆ, ಆ ಉಳಿದವರು ಎಲ್ಲಿದಾರೆ ಅನ್ನೋದು ನಿಮಗೂ ಗೊತ್ತು ನನಗೂ ಗೊತ್ತು. ಕೆಲವರು ಬೇರೆ ಊರಲ್ಲಿ ಆಸ್ಪತ್ರೆ ಡ್ಯೂಟಿ ಮಾಡ್ತಾ ಇನ್‌ಸ್ಪೆಕ್ಷನ್ ದಿವಸ ಮಾತ್ರ ಕೋಟು ಹಾಕ್ಕೊಂಡು ಬರ್ತಾರೆ, ಕೆಲವರು ಆಫೀಸಲ್ಲಿ ಫೈಲ್ ಮಾಡ್ತಾ ಕೂತಿರ್ತಾರೆ. ಅವರೆಲ್ಲರ ಪಾಲಿನ ಮಕ್ಕಳೂ ನಿಮ್ಮ ಹಿಂದೆ ಬರ್ತಿದಾರೆ.

ಇದು ನಾಳೆ ಬೆಳಗ್ಗೆ ಸರಿ ಹೋಗಲ್ಲ, ಆದ್ರೆ ನಾಳೆ ಬೆಳಗ್ಗೆ ನೀವು ವಾರ್ಡಿಗೆ ಹೋಗ್ಲೇಬೇಕಲ್ಲ, ಅದಕ್ಕೆ ಹೇಳ್ತೀನಿ. ಮೂವತ್ತೈದು ಜನಕ್ಕೂ ಒಟ್ಟಿಗೆ ಕಲಿಸೋ ಆಸೆ ಬಿಟ್ಬಿಡಿ. ಹಿಂದಿನ ದಿವಸಾನೇ ಮಕ್ಕಳನ್ನ ವಾರ್ಡ್, ಒಪಿಡಿ, ಲ್ಯಾಬ್, ಡ್ರೆಸ್ಸಿಂಗ್ ರೂಮ್, ಔಷಧಿ ಕೌಂಟರ್ ಅಂತ ಹಂಚಿ, ಪ್ರತಿ ಗುಂಪಿಗೂ ನೋಡ್ಕೊಂಡು ಬರೋಕೆ ಒಂದೇ ಒಂದು ಪ್ರಶ್ನೆ ಕೊಡಿ. ನಿಮ್ಮ ಜೊತೆ ಎಂಟೋ ಹತ್ತೋ ಜನ ಇರ್ಲಿ. ಆ ಹತ್ತು ಜನಕ್ಕೆ ಒಬ್ಬ ರೋಗಿ ಸಾಕು, ನಿಜವಾಗ್ಲೂ ಸಾಕು.

ಕ್ಯಾತಿಟರ್ (ಮೂತ್ರ ಹೋಗೋಕೆ ಹಾಕೋ ನಳಿಗೆ) ಹಾಕಿರೋ ಒಬ್ಬ ಅಜ್ಜ ಇದಾರೆ ಅನ್ಕೊಳ್ಳಿ. ಮೊದಲು ಅಜ್ಜನ್ನ, ಅವರ ಮಗಳನ್ನ ಕೇಳಿ ಒಪ್ಪಿಸ್ಕೊಳ್ಳಿ, ಸ್ಕ್ರೀನ್ ಎಳೀರಿ. ಒಬ್ಬಳಿಗೆ ಯೂರಿನ್ ಬ್ಯಾಗ್ ಎಲ್ಲಿದೆ ನೋಡು ಅನ್ನಿ. ನೆಲಕ್ಕೆ ತಾಗ್ತಿದೆಯಾ, ಇಲ್ಲ ಯಾರೋ ಸಂಬಂಧಿಕರು ಕಾಲಿಗೆ ಸಿಗುತ್ತೆ ಅಂತ ಎತ್ತಿ ಹಾಸಿಗೆ ಮೇಲೇ ಇಟ್ಟಿದಾರಾ? ಹಾಗಿಟ್ರೆ ಮೂತ್ರ ವಾಪಸ್ ಹರಿದು ಇನ್ಫೆಕ್ಷನ್ ಆಗುತ್ತೆ ಅನ್ನೋದನ್ನ ಅವಳ ಬಾಯಿಂದಾನೇ ಹೇಳ್ಸಿ. ಇನ್ನೊಬ್ಬಳು ಬೆಳಗ್ಗೆಯಿಂದ ಎಷ್ಟು ಎಂಎಲ್ ಆಯ್ತು, ಬಣ್ಣ ಹೇಗಿದೆ ಅಂತ ನೋಡಿ ಚಾರ್ಟಲ್ಲಿ ಬರ್ದಿರೋದಕ್ಕೆ ತಾಳೆ ಹಾಕ್ಲಿ. ಮತ್ತೊಬ್ಬ ಡ್ರಿಪ್‌ಗೆ ಅಂತ ಕೈಗೆ ಕ್ಯಾನುಲಾ ಹಾಕಿರೋ ಜಾಗ ಕೆಂಪಾಗಿದೆಯಾ, ಊದಿದೆಯಾ, ಮುಟ್ಟಿದ್ರೆ ಬಿಸಿ ಇದೆಯಾ ನೋಡ್ಲಿ. ಮಗದೊಬ್ಬನಿಗೆ ಡ್ರಿಪ್ ಲೆಕ್ಕ ಕೊಡಿ, 500 ಎಂಎಲ್ ನಾರ್ಮಲ್ ಸಲೈನ್ ಎಂಟು ಗಂಟೇಲಿ ಹೋಗ್ಬೇಕು, ಸೆಟ್ ಎಂಎಲ್‌ಗೆ 20 ಹನಿದು, ನಿಮಿಷಕ್ಕೆ ಎಷ್ಟು? 21 ಹನಿ ಅಂತ ಪೇಪರ್ ಮೇಲೆ ಎಲ್ಲರೂ ಬರೀತಾರೆ. ಗಡಿಯಾರ ನೋಡ್ಕೊಂಡು ಆ ಕ್ಲಾಂಪ್ ತಿರುಗಿಸಿ 21ಕ್ಕೆ ತಂದು ನಿಲ್ಲಿಸು ಅನ್ನಿ ನೋಡೋಣ, ಆಗ ಗೊತ್ತಾಗುತ್ತೆ ಯಾರಿಗೆ ಬರುತ್ತೆ ಯಾರಿಗೆ ಬರಲ್ಲ. ಅರ್ಧ ಗಂಟೆ ಆದ್ಮೇಲೆ ಅದೇ ಹುಡುಗ ವಾಪಸ್ ಹೋಗಿ ಎಣಿಸ್ಲಿ, ಅಜ್ಜ ಕೈ ಮಡಚಿದ ತಕ್ಷಣ ಹನಿ ಬೀಳೋದು ಕಮ್ಮಿ ಆಗಿರುತ್ತೆ, ಈ ಪಾಠ ಯಾವ ಪಿಪಿಟಿಯಲ್ಲೂ ಇಲ್ಲ.

ವಾರ್ಡ್ ಸಿಸ್ಟರ್ ವಿಷಯಕ್ಕೆ ಬಂದ್ರೆ, ಅವರ ಜಾಗದಲ್ಲಿ ನಿಂತು ನೋಡಿ. ನೈಟ್ ಡ್ಯೂಟಿಯವರಿಂದ ಹ್ಯಾಂಡೋವರ್ ತಗೊಳೋ ಹೊತ್ತಿಗೆ ಸರಿಯಾಗಿ ನಾಲ್ಕು ಕಾಲೇಜಿನ ದಂಡು ಒಳಗೆ ಬಂದ್ರೆ ಯಾರಿಗಾದ್ರೂ ಸಿಟ್ಟು ಬರುತ್ತೆ. ಹತ್ತು ನಿಮಿಷ ಮುಂಚೆ ನೀವೊಬ್ಬರೇ ಹೋಗಿ "ಸಿಸ್ಟರ್ ಇವತ್ತು ನಿಮಗೆ ಯಾವ ಕೆಲಸ ಬಾಕಿ ಇದೆ, ನಮ್ಮ ಮಕ್ಕಳು ಯಾವುದನ್ನ ಮುಗಿಸಿ ಕೊಡ್ಲಿ" ಅಂತ ಕೇಳಿ. ಮಲಗಿದ್ದಲ್ಲೇ ಇರೋ ರೋಗಿಗಳಿಗೆ ಮಗ್ಗುಲು ಬದಲಾಯಿಸಿ ಬೆನ್ನು ನೋಡೋ ಕೆಲಸ ಯಾವ ವಾರ್ಡಲ್ಲೂ ಬಾಕಿ ಇದ್ದೇ ಇರುತ್ತೆ. ಅದನ್ನ ನೀವೂ ಕೈ ಹಾಕಿ ಮಾಡಿ, ಮಕ್ಕಳ ಕೈಲಿ ಮಾಡಿಸಿ ನಿಂತು ನೋಡ್ಬೇಡಿ. ಪಾಠ ಮಾಡೋರು ಕೈಗೆ ಗ್ಲೌಸ್ ಹಾಕೋದು ಬಿಟ್ಟ ದಿವಸದಿಂದ ವಾರ್ಡಿನವರು ನಮ್ಮನ್ನ ಹೊರಗಿನವರು ಅಂತ ನೋಡೋಕೆ ಶುರು ಮಾಡ್ತಾರೆ, ಅದರಲ್ಲಿ ಅವರ ತಪ್ಪೂ ಇಲ್ಲ ಬಿಡಿ.

ಇನ್ನೊಂದು, ನಿಮ್ಮ ಡೈರೀಲಿ ದಿನಾ ಎಷ್ಟು ಮಕ್ಕಳನ್ನ ಒಬ್ಬರೇ ಕರ್ಕೊಂಡು ಹೋದ್ರಿ ಅನ್ನೋದನ್ನ ತಾರೀಖು ಹಾಕಿ ಬರೆದಿಡಿ. ಯಾವತ್ತಾದ್ರೂ ವಾರ್ಡಲ್ಲಿ ಹೆಚ್ಚು ಕಮ್ಮಿ ಆಯ್ತು ಅಂದ್ರೆ ಎಲ್ಲರ ಬೆರಳೂ ಮೊದಲು ಟ್ಯೂಟರ್ ಕಡೆಗೇ ತಿರುಗೋದು.

ಪ್ರಶ್ನೆ: ಮೇಡಂ, ನಮ್ಮ ಟ್ರಸ್ಟಿನಿಂದ ಹೊಸದಾಗಿ ಬಿಎಸ್ಸಿ ನರ್ಸಿಂಗ್ ಶುರು ಮಾಡಿದೀವಿ. ಎಂಎಸ್ಸಿ ಆದವರು ಸಿಗ್ತಾನೇ ಇಲ್ಲ, ಸಿಕ್ಕಿದ್ರೂ ನಿಲ್ಲಲ್ಲ. ಎಲ್‌ಐಸಿ (ಯೂನಿವರ್ಸಿಟಿಯ ಇನ್‌ಸ್ಪೆಕ್ಷನ್ ತಂಡ) ಬರೋ ಹೊತ್ತಿಗೆ ಫ್ಯಾಕಲ್ಟಿ ಲಿಸ್ಟ್ ತುಂಬಿಸೋದು ಹೇಗೆ? - ಆಡಳಿತ ಮಂಡಳಿ ಸದಸ್ಯರು

ಉತ್ತರ: ಸಂಬಳ ಕೊಟ್ಟು ತುಂಬಿಸಿ ಸರ್. ಬೇರೆ ದಾರಿ ನನಗೆ ಗೊತ್ತಿದ್ರೂ ಹೇಳಲ್ಲ.

ಪ್ರಶ್ನೆ: ನಮಸ್ಕಾರ್ರಿ ಅಕ್ಕಾರ. ನಾ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಹುಡುಗೋರಿಗೆ ಅನಾಟಮಿ, ಫಿಜಿಯಾಲಜಿ ತಗೋತೀನ್ರಿ. ಆರ್ಟ್ಸ್ ಮಾಡಿ ಬಂದವ್ರು ಭಾಳ ಮಂದಿ ಅದಾರ, ಎಸ್ಸೆಲ್ಸಿ, ಪಿಯುಸಿ ಎಲ್ಲಾ ಕನ್ನಡ ಮೀಡಿಯಮ್ಮು. ಇಂಗ್ಲಿಷ್‌ನಾಗ ಹೇಳಿದ್ರ ಮಾರಿ ನೋಡ್ಕೋತ ಕೂಡ್ತಾರ, ಕನ್ನಡದಾಗ ಹೇಳಿದ್ರ ಪ್ರಿನ್ಸಿಪಾಲ್ರು ಬೈತಾರ, ಕ್ಲಾಸಿನ್ಯಾಗ ಕೇರಳದವ್ರು, ಬಂಗಾಲದವ್ರೂ ಅದಾರ್ರಿ. ಏನ್ ಮಾಡ್ಲಿ? - ಕಲಬುರಗಿ ಕಡೆಯ ಲೆಕ್ಚರರ್

ಉತ್ತರ: ತಂಗಿ, ಪರೀಕ್ಷೆ ಇಂಗ್ಲಿಷಲ್ಲೇ ಬರೀಬೇಕು, ಅದನ್ನ ನೀವೂ ನಾನೂ ಬದಲಾಯಿಸೋಕಾಗಲ್ಲ. ಆದ್ರೆ ಅರ್ಥ ಮಾಡ್ಸೋದು ಯಾವ ಭಾಷೇಲಿ ಅನ್ನೋದು ನಿಮ್ಮ ಕೈಲಿದೆ. ಜಿಎನ್‌ಎಂಗೆ ಯಾವ ವಿಭಾಗದಿಂದ ಬೇಕಾದ್ರೂ ಬರಬಹುದು ಅಂತ ನಿಯಮಾನೇ ಇರೋವಾಗ, ಆರ್ಟ್ಸ್ ಮಾಡಿದ ಹುಡುಗಿಗೆ ಕಿಡ್ನಿ ಒಳಗೆ ನೆಫ್ರಾನ್ ಏನ್ ಮಾಡುತ್ತೆ ಅಂತ ಅವಳ ಮನೆ ಮಾತಲ್ಲಿ ಒಂದ್ಸಲ ಹೇಳಿದ್ರೆ ಅದರಲ್ಲಿ ತಪ್ಪೇನಿದೆ ಅಂತ ನಿಮ್ಮ ಪ್ರಿನ್ಸಿಪಾಲರನ್ನ ನಯವಾಗಿ ಕೇಳಿ. ನಾನಾಗಿದ್ರೆ ಹೀಗೆ ಮಾಡ್ತಿದ್ದೆ: ಮೊದಲ ಕಾಲು ಗಂಟೆ ಚಿತ್ರ ಬರೆದು ಕನ್ನಡದಲ್ಲಿ, ಆಮೇಲೆ ಅದೇ ಚಿತ್ರದ ಮೇಲೆ ಇಂಗ್ಲಿಷ್ ಹೆಸರುಗಳು, ಕೊನೇಲಿ ಎಲ್ಲರೂ ಐದು ಸಾಲು ಇಂಗ್ಲಿಷಲ್ಲಿ ಬರೆದು ಪಕ್ಕದವರಿಗೆ ಓದಿ ಹೇಳೋದು. ಕೇರಳದ, ಬಂಗಾಳದ ಮಕ್ಕಳಿಗೆ ಆ ಕಾಲು ಗಂಟೆ ವ್ಯರ್ಥ ಅಂತ ಅನ್ಕೋಬೇಡಿ, ಅವರಿಗೆ ಬೇಕಾಗಿರೋದೂ ಕನ್ನಡಾನೇ. ನಾಳೆ ನಿಮ್ಮೂರ ಆಸ್ಪತ್ರೇಲಿ ಮಲಗಿರೋ ಅಮ್ಮ "ಎದಿ ಹಿಂಡಿದಂಗ ಆಗ್ತದ", "ಹೊಟ್ಟ್ಯಾಗ ಉರೀತದ", "ಕಾಲು ಜುಮು ಜುಮು ಅಂತಾವ" ಅಂದಾಗ ಮೂರಕ್ಕೂ "ಪೇನ್ ಪ್ರೆಸೆಂಟ್" ಅಂತ ಬರ್ಕೊಂಡು ಬಂದ್ರೆ ಆ ಅಸೆಸ್‌ಮೆಂಟ್ ತಗೊಂಡು ಏನ್ ಮಾಡೋದು? ಹಿಂಡಿದಂಗೆ ಅಂದ್ರೆ ಇಸಿಜಿ ಕಡೆ ಓಡ್ಬೇಕು, ಜುಮು ಜುಮು ಅಂದ್ರೆ ಶುಗರ್ ಇದೆಯಾ ಅಂತ ಕೇಳ್ಬೇಕು. ಇಂಥ ಮಾತುಗಳನ್ನ ಒಂದು ನೋಟ್ ಬುಕ್ಕಲ್ಲಿ ಬರೆಸಿ, ನಿಮ್ಮ ಕನ್ನಡ ಮೀಡಿಯಂ ಮಕ್ಕಳ ಕೈಲೇ ಉಳಿದವರಿಗೆ ಹೇಳಿಕೊಡಿಸಿ. ಕ್ಲಾಸಲ್ಲಿ ಬಾಯಿ ಬಿಡದ ಹುಡುಗಿ ಅವತ್ತು ಟೀಚರ್ ಆಗ್ತಾಳೆ ನೋಡಿ.

ಹೈಪೋ (ಕಮ್ಮಿ), ಹೈಪರ್ (ಜಾಸ್ತಿ) ಗೊಂದಲ ಮಾತ್ರ ಮೊದಲ ತಿಂಗಳಲ್ಲೇ ಬಿಡಿಸಿಬಿಡಿ, ಅದನ್ನ ಉಳಿಸಿಕೊಂಡು ಫೈನಲ್ ಇಯರ್‌ವರೆಗೂ ಬಂದವರನ್ನ ನೋಡಿದೀನಿ.

ಪ್ರಶ್ನೆ: ಮ್ಯಾಮ್, ನಾನು ಅಸಿಸ್ಟೆಂಟ್ ಪ್ರೊಫೆಸರ್. ಸೇರುವಾಗ ಎಸ್ಸೆಲ್ಸಿಯಿಂದ ಎಂಎಸ್ಸಿವರೆಗೂ ಒರಿಜಿನಲ್ ಮಾರ್ಕ್ಸ್ ಕಾರ್ಡ್, ಕೌನ್ಸಿಲ್ ರಿಜಿಸ್ಟ್ರೇಷನ್ ಎಲ್ಲಾ ಇಸ್ಕೊಂಡ್ರು. ಈಗ ಬೇರೆ ಕಡೆ ಕೆಲಸ ಸಿಕ್ಕಿದೆ, ಕೊಡಿ ಅಂದ್ರೆ ಇನ್‌ಸ್ಪೆಕ್ಷನ್ ಮುಗೀಲಿ ಅಂತಾರೆ, ಮುಗಿದ ಮೇಲೆ ಅಕಾಡೆಮಿಕ್ ಇಯರ್ ಮುಗೀಲಿ ಅಂತಾರೆ. ಆರು ವರ್ಷ ದುಡಿದಿದೀನಿ, ಗ್ರಾಚ್ಯುಟಿ ಕೇಳಿದ್ರೆ ನಕ್ಕರು. ಹೆಣ್ಣುಮಗಳು, ಕೋರ್ಟು ಕಚೇರಿ ಅಲೆಯೋ ಶಕ್ತಿ ಇಲ್ಲ. - ಬೆಂಗಳೂರು ಹೊರವಲಯ

ಉತ್ತರ: ನಗೋಕೆ ಅದರಲ್ಲಿ ಏನೂ ಇಲ್ಲ. ಟೀಚರ್‌ಗಳಿಗೂ ಗ್ರಾಚ್ಯುಟಿ ಅನ್ವಯ ಆಗುತ್ತೆ ಅಂತ 2009ರಲ್ಲೇ ಕಾಯ್ದೆ ತಿದ್ದುಪಡಿ ಆಯ್ತು, ಅದೂ 1997ರ ಏಪ್ರಿಲ್ 3ರಿಂದ ಪೂರ್ವಾನ್ವಯ ಆಗೋ ಹಾಗೆ. ಖಾಸಗಿ ಶಾಲೆಗಳವರು ಇದನ್ನ ಪ್ರಶ್ನೆ ಮಾಡಿ ಸುಪ್ರೀಂ ಕೋರ್ಟ್‌ವರೆಗೂ ಹೋದ್ರು, 2022ರ ಆಗಸ್ಟ್‌ನಲ್ಲಿ ಅವರು ಸೋತ್ರು. ಐದು ವರ್ಷ ಸತತ ಸೇವೆ ಆಗಿದ್ರೆ ವರ್ಷಕ್ಕೆ ಹದಿನೈದು ದಿನದ ಸಂಬಳದ ಲೆಕ್ಕದಲ್ಲಿ ನಿಮಗೆ ಬರಬೇಕು, ನಿಮ್ಮದು ಆರು ಆಗಿದೆ.

ಒರಿಜಿನಲ್ಸ್ ವಿಷಯ. ಪರಿಶೀಲನೆ ಮಾಡಿ ವಾಪಸ್ ಕೊಡಬೇಕಾದ ದಾಖಲೆ ಅದು, ಒತ್ತೆ ಇಟ್ಕೊಳ್ಳೋಕೆ ಅದೇನು ಒಡವೆ ಅಲ್ಲ. ಬಾಯಲ್ಲಿ ಕೇಳೋದು ಇವತ್ತಿಗೇ ನಿಲ್ಲಿಸಿ. ರಾಜೀನಾಮೆ ಪತ್ರದಲ್ಲಿ ನೋಟಿಸ್ ಅವಧಿ ಹಾಕಿ, ಯಾವ ಯಾವ ದಾಖಲೆ ಯಾವಾಗ ಕೊಟ್ಟಿದ್ರಿ ಅನ್ನೋ ಪಟ್ಟಿ ಸೇರಿಸಿ, ಸ್ಪೀಡ್ ಪೋಸ್ಟಲ್ಲೂ ಇಮೇಲಲ್ಲೂ ಕಳಿಸಿ. ಜಗ್ಗಲಿಲ್ಲ ಅಂದ್ರೆ ಲೀಗಲ್ ನೋಟಿಸ್. ಖರ್ಚಿಗೆ ಹೆದರ್ಬೇಡಿ, ಪ್ರತಿ ಜಿಲ್ಲಾ ಕೋರ್ಟಿನ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಂತ ಇರುತ್ತೆ, 1987ರ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರ್ಲಿ ವಕೀಲರ ನೆರವು ಉಚಿತ. ಇದು ನಮ್ಮ ಸಿಸ್ಟರ್‌ಗಳಲ್ಲಿ ಹತ್ತರಲ್ಲಿ ಒಬ್ಬರಿಗೂ ಗೊತ್ತಿಲ್ಲ ಅನ್ಸುತ್ತೆ, ಸ್ಟಾಫ್ ರೂಮಲ್ಲಿ ಎಲ್ಲರಿಗೂ ಹೇಳಿ. ಬಹಳಷ್ಟು ಸಲ ಆ ಲೆಟರ್‌ಹೆಡ್ ನೋಡಿದ ತಕ್ಷಣ ಬೀರುವಿನ ಬೀಗದ ಕೈ ಸಿಕ್ಕಿಬಿಡುತ್ತೆ.

ಇದರ ಜೊತೆಗೇ ನೀವು ಬಿಟ್ಟಿರೋ ತಾರೀಖನ್ನ ಯೂನಿವರ್ಸಿಟಿಗೂ ಕೌನ್ಸಿಲ್‌ಗೂ ಲಿಖಿತವಾಗಿ ತಿಳಿಸಿ. ಇಲ್ಲಾಂದ್ರೆ ನೀವು ಹೋಗಿ ಎಷ್ಟು ದಿನ ಆದ್ರೂ ಹಳೇ ಕಾಲೇಜಿನ ಫ್ಯಾಕಲ್ಟಿ ಲಿಸ್ಟಲ್ಲಿ ನಿಮ್ಮ ಹೆಸರು ಓಡ್ತಾನೇ ಇರುತ್ತೆ, ಹೊಸ ಕಡೆ ಇನ್‌ಸ್ಪೆಕ್ಷನ್ ಬಂದಾಗ ಎರಡೂ ಕಡೆ ಹೆಸರು ಸಿಕ್ಕಿ ತಲೆನೋವು ನಿಮಗೇ.

ಪ್ರಶ್ನೆ: ಮೇಡಂ, ಕೇರ್ ಪ್ಲಾನ್ (ಒಬ್ಬ ರೋಗಿನ ಹೇಗೆ ನೋಡ್ಕೋಬೇಕು ಅನ್ನೋ ಯೋಜನೆ) ಬರ್ಕೊಂಡು ಬನ್ನಿ ಅಂದ್ರೆ ಎಲ್ಲರೂ ಚಾಟ್‌ಜಿಪಿಟಿ ಕೈಲಿ ಬರೆಸ್ಕೊಂಡು ಬರ್ತಾರೆ. ಇಂಗ್ಲಿಷ್ ನನಗಿಂತ ಚೆನ್ನಾಗಿರುತ್ತೆ! ಹಿಡಿಯೋದು ಹೇಗೆ? - ಮಂಗಳೂರು

ಉತ್ತರ: ಮಧುಮೇಹ ಇರೋ ರಾಯಚೂರಿನ ಜೋಳದ ರೊಟ್ಟಿ ತಿನ್ನೋ ಯಜಮಾನರಿಗೆ "ಓಟ್ಸ್, ಸಾಲ್ಮನ್ ಮೀನು, ಬ್ರೊಕೊಲಿ ಕೊಡುವುದು" ಅಂತ ಬರೆದಿರೋ ಕೇರ್ ಪ್ಲಾನ್ ನನಗೆ ಒಬ್ಬರು ಕಳಿಸಿದ್ರು, ನಕ್ಕೂ ನಕ್ಕೂ ಸಾಕಾಯ್ತು. ನಗು ನಿಂತ ಮೇಲೆ ಒಂದು ಯೋಚನೆ ಬಂತು, ಇದಕ್ಕೂ ಮುಂಚೆ ಸೀನಿಯರ್‌ಗಳ ಬುಕ್ಕಿಂದ ಇಳಿಸ್ಕೊಂಡು ಬರ್ತಿದ್ರಲ್ಲ, ಅದರಲ್ಲೂ "ಪ್ರೊವೈಡ್ ಕಂಫರ್ಟಬಲ್ ಪೊಸಿಷನ್" ಅಂತಲೇ ಇರ್ತಿತ್ತು, ಯಾವ ಪೊಸಿಷನ್, ಯಾಕೆ ಅಂತ ಕೇಳಿದ್ರೆ ಉತ್ತರ ಬರ್ತಿರ್ಲಿಲ್ಲ. ನಾವು ಪುಟ ಎಣಿಸಿ ಸೈನ್ ಹಾಕ್ತಿದ್ವಿ, ಮಕ್ಕಳೂ ಪುಟ ತುಂಬಿಸ್ತಿದ್ರು.

ಹಿಡಿಯೋಕೆ ಸಾಫ್ಟ್‌ವೇರ್ ಹುಡುಕ್ಬೇಡಿ. ಪುಸ್ತಕ ಮುಚ್ಚಿಸಿ ಅದೇ ರೋಗಿ ಹಾಸಿಗೆ ಹತ್ರ ಕರ್ಕೊಂಡು ಹೋಗಿ ಮೂರು ಪ್ರಶ್ನೆ ಕೇಳಿ ಸಾಕು. ನಿನ್ನೆ ರಾತ್ರಿ ಇವರು ಏನು ಊಟ ಮಾಡಿದ್ರು? ಮನೇಲಿ ಇನ್ಸುಲಿನ್ ಚುಚ್ಚೋರು ಯಾರು, ಫ್ರಿಜ್ ಇದೆಯಾ? ಪಾದ ನೋಡಿದೆಯಾ, ಬೆರಳ ಸಂದಿ ನೋಡಿದೆಯಾ? ರೋಗಿ ಹತ್ರ ಕೂತು ಮಾತಾಡದೆ ಇದಕ್ಕೆ ಉತ್ತರ ಎಲ್ಲಿಂದ ಬರುತ್ತೆ? ಆಮೇಲೆ ಬೇಕಾದ್ರೆ ಮಿಷನ್ ಕೈಲಿ ಇಂಗ್ಲಿಷ್ ತಿದ್ದಿಸ್ಕೊಳ್ಲಿ, ನನಗೇನೂ ತಕರಾರಿಲ್ಲ. ಆದ್ರೆ ರೋಗಿಯ ಹೆಸರು, ಐಪಿ ನಂಬರ್, ರಿಪೋರ್ಟಿನ ಫೋಟೋ ಎಲ್ಲಾ ಅಪ್ಲೋಡ್ ಮಾಡ್ತಾರಲ್ಲ, ಅದಕ್ಕೆ ಮಾತ್ರ ಕಟ್ಟುನಿಟ್ಟಾಗಿ ಬೇಡ ಅನ್ನಿ.

ಪ್ರಶ್ನೆ: ಸೆಮಿಸ್ಟರ್ ಪದ್ಧತಿ ಬಂದ್ಮೇಲೆ ಉಸಿರಾಡೋಕೂ ಟೈಮಿಲ್ಲ ಮೇಡಂ. ಇಂಟರ್ನಲ್ಸ್, ಲಾಗ್ ಬುಕ್, ಓಎಸ್‌ಸಿಇ (ಒಂದೊಂದು ಸ್ಟೇಷನ್ನಲ್ಲಿ ಒಂದೊಂದು ಕೆಲಸ ಕೊಟ್ಟು ನೋಡೋ ಪರೀಕ್ಷೆ), ಸಿಮ್ಯುಲೇಷನ್... ನಮ್ಮ ಲ್ಯಾಬಲ್ಲಿರೋದು ಒಂದು ಮ್ಯಾನಿಕಿನ್ (ಅಭ್ಯಾಸ ಮಾಡೋ ಗೊಂಬೆ), ಅದರ ಒಂದು ಕೈ ಕಳಚಿ ಬರುತ್ತೆ. - ಹಾಸನ ಕಡೆಯಿಂದ ಇಬ್ಬರು ಲೆಕ್ಚರರ್‌ಗಳು

ಉತ್ತರ: 2021ರಲ್ಲಿ ಗೆಜೆಟ್ ಆದ ಹೊಸ ಬಿಎಸ್ಸಿ ಸಿಲಬಸ್ ಕೆಟ್ಟದ್ದೇನಲ್ಲ, ಎಂಟು ಸೆಮಿಸ್ಟರ್, ಕ್ರೆಡಿಟ್ಟು, ಸ್ಕಿಲ್ ಲ್ಯಾಬಲ್ಲಿ ಕಲಿತ ಮೇಲೇ ರೋಗಿ ಮುಟ್ಟೋದು, ಎಲ್ಲಾ ಸರಿಯಾದ ಯೋಚನೇನೇ. ಆದ್ರೆ ಓಎಸ್‌ಸಿಇ ಲೆಕ್ಕ ಹಾಕಿ: ಅರವತ್ತು ಮಕ್ಕಳು, ಆರು ಸ್ಟೇಷನ್, ಒಂದೊಂದಕ್ಕೆ ಐದು ನಿಮಿಷ. ಆರಾರು ಜನರ ಹತ್ತು ಬ್ಯಾಚು, ಬ್ಯಾಚಿಗೆ ಅರ್ಧ ಗಂಟೆ, ಅಲ್ಲಿಗೆ ಒಂದು ಸಬ್ಜೆಕ್ಟಿಗೆ ಐದು ಗಂಟೆ, ಅದೂ ಪ್ರತಿ ಸ್ಟೇಷನ್ನಲ್ಲೂ ಒಬ್ಬರು ನಿಂತು ನೋಡೋರು ಇದ್ರೆ. ಇಬ್ಬರೇ ಇರೋ ಡಿಪಾರ್ಟ್‌ಮೆಂಟಲ್ಲಿ ಇದು ಹೇಗೆ ಆಗ್ಬೇಕು? ಅದಕ್ಕೇ ಬಹಳ ಕಡೆ ಕಾಗದದ ಮೇಲಷ್ಟೇ ಆಗ್ತಿದೆ.

ಒಂದು ಉಪಾಯ. ಆರರಲ್ಲಿ ಎರಡು ಸ್ಟೇಷನ್ನಿಗೆ ಮಾತ್ರ ನೀವಿಬ್ಬರು ನಿಲ್ಲಿ, ಉಳಿದ ನಾಲ್ಕು ಬರೆದು ಉತ್ತರ ಕೊಡೋ ಹಾಗಿರ್ಲಿ, ಎಕ್ಸ್‌ರೇ ಗುರುತಿಸೋದು, ಡೋಸ್ ಲೆಕ್ಕ, ಔಷಧಿ ಚೀಟಿಯಲ್ಲಿ ತಪ್ಪು ಹುಡುಕೋದು, ಚಾರ್ಟ್ ಓದೋದು. ಕೈ ಕಳಚಿದ ಮ್ಯಾನಿಕಿನ್‌ಗೂ ಒಂದು ಕೆಲಸ ಇದೆ, ಎದೆ ಗಟ್ಟಿ ಇದ್ರೆ ಸಿಪಿಆರ್‌ಗೆ ಕೈ ಬೇಕಾಗಿಲ್ಲ. ಉಳಿದಂತೆ ಮ್ಯಾನೇಜ್‌ಮೆಂಟಿಗೆ ಒಂದು ಪುಟದಲ್ಲಿ ಲಿಖಿತವಾಗಿ ಕೇಳಿ, ಇಪ್ಪತ್ತು ಐಟಂ ಕೇಳ್ಬೇಡಿ, ಎರಡು ಕೇಳಿ.

ಪ್ರಶ್ನೆ: ನಾನು ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಐಸಿಯು ಸ್ಟಾಫ್, ನಾಲ್ಕು ವರ್ಷ ಅನುಭವ. ಎಂಎಸ್ಸಿ ಮಾಡಿ ಪಾಠದ ಕಡೆ ಬರ್ಲಾ, ಇಲ್ಲ ಜರ್ಮನಿಗೆ ಹೋಗ್ಲಾ? ಮನೇಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಉತ್ತರ: ಪಾಠದ ಕಡೆ ನಿಮ್ಮಂಥವರು ಬರ್ಬೇಕು ಅನ್ನೋದು ನನ್ನ ಆಸೆ. ಆದ್ರೆ ಆಸೆ ಬೇರೆ, ಸಲಹೆ ಬೇರೆ. ಎಂಎಸ್ಸಿ ಅಂದ್ರೆ ಎರಡು ವರ್ಷ ಫೀಸು ಕಟ್ಟಿ, ಸಂಬಳ ಬಿಟ್ಟು ಓದ್ಬೇಕು, ಮುಗಿಸಿ ಬಂದ್ರೆ ಎಷ್ಟೋ ಖಾಸಗಿ ಕಾಲೇಜಲ್ಲಿ ಈಗ ನೀವು ಐಸಿಯುನಲ್ಲಿ ತಗೊಳೋದಕ್ಕಿಂತ ಕಮ್ಮಿ ಕೊಡ್ತಾರೆ. ಇದನ್ನ ಮುಚ್ಚಿಟ್ಟು "ಪವಿತ್ರ ವೃತ್ತಿ" ಅಂತೆಲ್ಲ ನಾನು ಹೇಳಲ್ಲ. 2023ರ ಕೇಂದ್ರ ಬಜೆಟ್ಟಲ್ಲಿ ಮೆಡಿಕಲ್ ಕಾಲೇಜುಗಳ ಜೊತೆಗೇ 157 ಹೊಸ ನರ್ಸಿಂಗ್ ಕಾಲೇಜು ಅಂತ ಘೋಷಣೆ ಆಯ್ತು, ಒಂದೊಂದಕ್ಕೆ ಹತ್ತು ಕೋಟಿ. ಅದೇ ವರ್ಷ ಆಗಸ್ಟಲ್ಲಿ 1947ರ ಹಳೇ ಕಾಯ್ದೆ ಜಾಗಕ್ಕೆ ನ್ಯಾಷನಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕಮಿಷನ್ ಕಾಯ್ದೆ ಬಂತು. ಕಟ್ಟಡಕ್ಕೆ ದುಡ್ಡು ಬಂತು, ಕಾನೂನೂ ಬಂತು, ಆ ಕಟ್ಟಡದೊಳಗೆ ನಿಂತು ಪಾಠ ಮಾಡೋರಿಗೆ ಎಷ್ಟು ಕೊಡ್ತೀರಿ ಅನ್ನೋ ಮಾತು ಮಾತ್ರ ಯಾರೂ ಎತ್ತಲ್ಲ.

ಜರ್ಮನಿಗೆ ಆದ್ರೆ ಎಂಎಸ್ಸಿ ಬೇಕಾಗಿಲ್ಲ, ಭಾಷೆ ಬೇಕು, ಪೂರ್ತಿ ಮಾನ್ಯತೆಗೆ ಸಾಮಾನ್ಯವಾಗಿ ಬಿ2 ಮಟ್ಟದ್ದು. ಡ್ಯೂಟಿ ಮಾಡ್ಕೊಂಡು ಕಲಿಯೋಕೆ ಒಂದು ವರ್ಷದ ಮೇಲೇ ಹಿಡಿಯುತ್ತೆ, ಮೂರು ತಿಂಗಳಲ್ಲಿ ಕಳಿಸ್ತೀವಿ ಅನ್ನೋ ಏಜೆಂಟ್ ಕಂಡ್ರೆ ದೂರ ಇರಿ. ಒಂದು ಸೂಕ್ಷ್ಮ ಹೇಳ್ತೀನಿ, ಹೊರದೇಶದವರು ಕೇಳೋದು ಹಾಸಿಗೆ ಪಕ್ಕದ ಅನುಭವ, ಪಾಠ ಮಾಡಿದ ವರ್ಷಗಳನ್ನ ಹೆಚ್ಚಿನವರು ಲೆಕ್ಕಕ್ಕೆ ತಗೊಳಲ್ಲ. ಅಂದ್ರೆ ಮೊದಲು ಪಾಠ, ಆಮೇಲೆ ವಿದೇಶ ಅನ್ನೋದು ಕಷ್ಟದ ದಾರಿ. ಹೋಗೋದೇ ಆದ್ರೆ ಐಸಿಯು ಅನುಭವ ಬಿಸಿ ಇರುವಾಗ್ಲೇ ಹೋಗಿ.

ಇಲ್ಲೇ ಇರೋ ಮನಸ್ಸಿದ್ರೆ ಮಾಮೂಲಿ ಎಂಎಸ್ಸಿ ಜೊತೆಗೆ ನರ್ಸ್ ಪ್ರಾಕ್ಟಿಷನರ್ ಇನ್ ಕ್ರಿಟಿಕಲ್ ಕೇರ್ ಅನ್ನೋ ಎರಡು ವರ್ಷದ ರೆಸಿಡೆನ್ಸಿ ಕೋರ್ಸನ್ನೂ ನೋಡಿ. ಕ್ಲಾಸ್ ರೂಮಿಗಿಂತ ಐಸಿಯುನಲ್ಲೇ ಹೆಚ್ಚು ಕಲಿಯೋದು, ನಿಮ್ಮ ಕೈ ಬಿಟ್ಟು ಹೋಗಲ್ಲ. ತೊಡಕು ಏನಂದ್ರೆ ಅದನ್ನ ಕಲಿಸೋಕೆ ವಾರ್ಡಲ್ಲೂ ಪಳಗಿ ಪಾಠದಲ್ಲೂ ಪಳಗಿದ ಟೀಚರ್ ಬೇಕು, ಅಂಥವರು ಕಮ್ಮಿ, ಮುಗಿಸಿ ಬಂದವರನ್ನ ವಾಪಸ್ ಮಾಮೂಲಿ ಸ್ಟಾಫ್ ಡ್ಯೂಟಿಗೇ ಹಾಕೋ ಆಸ್ಪತ್ರೆಗಳೂ ಇವೆ. ಸೇರೋಕೆ ಮುಂಚೆ ಅಲ್ಲಿ ಓದ್ತಿರೋ ಇಬ್ಬರ ಹತ್ರ ಫೋನಲ್ಲಿ ಮಾತಾಡಿ, ಬ್ರೋಷರ್ ನಂಬ್ಬೇಡಿ.

ಪ್ರಶ್ನೆ: ಮೇಡಂ ನನಗೆ ನಲವತ್ತೆರಡು, ಅಸೋಸಿಯೇಟ್ ಪ್ರೊಫೆಸರ್, ಇಬ್ಬರು ಮಕ್ಕಳು. ಪ್ರೊಫೆಸರ್ ಆಗೋಕೆ ಪಿಎಚ್‌ಡಿ ಬೇಕೇ ಬೇಕಾ? ಗೈಡ್ ಸಿಗ್ತಿಲ್ಲ. - ಮೈಸೂರು

ಉತ್ತರ: ಕೌನ್ಸಿಲ್ ನಿಯಮದಲ್ಲಿ ಎಂಎಸ್ಸಿ ಮತ್ತೆ ಅನುಭವ ಮುಖ್ಯ, ಪಿಎಚ್‌ಡಿ ಇದ್ರೆ ಒಳ್ಳೇದು ಅಂತ ಇದೆ. ಹಾಗಾಗಿ ಬರೀ ಪ್ರಮೋಷನ್‌ಗೋಸ್ಕರ ಅಂದ್ರೆ ಆತುರ ಬೇಡ. ಮಾಡ್ಬೇಕು ಅಂತ ನಿಜವಾಗ್ಲೂ ಇದ್ರೆ, ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಜೊತೆ ಸೇರಿ ಕೌನ್ಸಿಲ್ ಪಿಎಚ್‌ಡಿಗೆ ಅಂತ ನಡೆಸ್ತಾ ಬಂದಿರೋ ನ್ಯಾಷನಲ್ ಕನ್ಸಾರ್ಷಿಯಂ ಇದೆ, ಬೇರೆ ರಾಜ್ಯದ ಗೈಡ್ ಕೂಡ ಸಿಗಬಹುದು, ಅದರ ನೋಟಿಫಿಕೇಷನ್ ಮೇಲೆ ಒಂದು ಕಣ್ಣಿಟ್ಟಿರಿ.

ವಿಷಯ ಮಾತ್ರ ದಯವಿಟ್ಟು "ಇಂಥ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಇಂಥದ್ದರ ಬಗ್ಗೆ ತಿಳಿವಳಿಕೆ" ಅಂತ ಪ್ರಶ್ನಾವಳಿ ಹಂಚೋದು ಬೇಡ, ಕಪಾಟು ತುಂಬಾ ಅದೇ ಇದೆ. ನಿಮ್ಮ ವಿಷಯ ಒಬಿಜಿ (ಹೆರಿಗೆ, ಸ್ತ್ರೀರೋಗ) ಅಂತ ಬರ್ದಿದೀರಿ, ಹಾಗಾದ್ರೆ ಹೆರಿಗೆ ವಾರ್ಡಲ್ಲಿ ರಾತ್ರಿ ಪಾಳಿಯಲ್ಲಿ ಪಾರ್ಟೋಗ್ರಾಫ್ (ಹೆರಿಗೆ ಹೇಗೆ ಮುಂದುವರೀತಿದೆ ಅಂತ ಗುರುತು ಹಾಕೋ ಚಾರ್ಟ್) ನಿಜವಾಗ್ಲೂ ಯಾವಾಗ ತುಂಬ್ತಾರೆ, ಹೆರಿಗೆ ನಡೀತಿರುವಾಗ್ಲೋ ಇಲ್ಲ ಮಗು ಹುಟ್ಟಿದ ಮೇಲೋ, ಅದನ್ನ ಹೋಗಿ ನೋಡಿ. ಮೈಸೂರಲ್ಲಿ ಕೂತು ಮಾಡೋಕೆ ಬೇಕಾದಷ್ಟು ಹೆರಿಗೆ ವಾರ್ಡುಗಳಿವೆ. ಮಕ್ಕಳ ಪರೀಕ್ಷೆ ಮುಗಿದ ಮೇಲೆ ಶುರು ಮಾಡಿ, ಎಥಿಕ್ಸ್ ಕಮಿಟಿ ಅರ್ಜಿಗೇ ತಿಂಗಳುಗಟ್ಟಲೆ ಹೋಗುತ್ತೆ ಅನ್ನೋದು ಲೆಕ್ಕದಲ್ಲಿರ್ಲಿ.